ವೆಲೋಡ್ರೋಮಿನ ತಿರುವಿನಲ್ಲಿ ಟೈರ್ ಕೈಕೊಟ್ಟಾಗ

ಪ್ರಶ್ನೆ: ವೆಲೋಡ್ರೋಮಿನಲ್ಲಿ, ಅಂದರೆ ಓರೆ ತಿರುವುಗಳಿರುವ ಸೈಕಲ್ ರೇಸಿನ 250 ಮೀಟರಿನ ಮರದ ಟ್ರ್ಯಾಕ್‌ನಲ್ಲಿ, ಅಭ್ಯಾಸ ನಡೆದಿತ್ತು. ಗಂಟೆಗೆ 60 ಕಿ.ಮೀ. ಆಸುಪಾಸಿನ ವೇಗದಲ್ಲಿ ನಮ್ಮ ಗುಂಪಿನ ಒಬ್ಬರ ಮುಂದಿನ ಟೈರ್ ತಿರುವಿನ ಮಧ್ಯೆ ಢಬ್ ಎಂದು ಒಡೆಯಿತು. ಹಿಂದಿದ್ದ ಇಬ್ಬರೂ ಸೇರಿ ಮೂವರು ಬಿದ್ದರು. ಮೂರು ವಾರದ ಹಿಂದೆ ಅಂಟಿಸಿದ ಹೊಸ ಟ್ಯೂಬ್ಯುಲರ್ (ರಿಮ್ಮಿಗೆ ಅಂಟಿಸುವ ಟೈರ್) ಅದು, ಗಾಳಿಯ ಒತ್ತಡ 13 ಬಾರ್. ಗಾಳಿ ಜಾಸ್ತಿಯಾಯಿತು ಎಂದು ಕೆಲವರು, ಹಲಗೆಯ ಸಿಬಿರು ಚುಚ್ಚಿತು ಎಂದು ಕೆಲವರು. ಕಾರಣ ಪತ್ತೆ ಹಚ್ಚುವುದು ಹೇಗೆ? ಟ್ಯೂಬ್ಯುಲರ್ ಬಿಟ್ಟು ಕ್ಲಿಂಚರ್‌ಗೆ, ಅಂದರೆ ಅಂಟಿಲ್ಲದೆ ಅಂಚಿನಿಂದ ರಿಮ್ಮಿಗೆ ಕೂರುವ ಮಾಮೂಲಿ ಟೈರಿಗೆ, ಹೋಗಬೇಕೇ? ಓಡುತ್ತಿರುವಾಗಲೇ ಗಾಳಿ ಹೋದರೆ ಏನು ಮಾಡಬೇಕು?

ಉತ್ತರ: ನೀವು ಬರೆಯದೆ ಬಿಟ್ಟ ಒಂದು ಸಂಗತಿಯಿಂದಲೇ ಶುರು ಮಾಡಬೇಕು. ಬಿದ್ದ ಮೇಲೆ ಟೈರ್ ರಿಮ್ ಮೇಲೆಯೇ ಇತ್ತೋ, ಕಳಚಿಕೊಂಡಿತ್ತೋ? ಸರಿಯಾಗಿ ಅಂಟಿಸಿದ ಟ್ಯೂಬ್ಯುಲರ್ ಗಾಳಿಯೆಲ್ಲ ಹೋದರೂ ರಿಮ್ಮನ್ನು ಹಿಡಿದುಕೊಂಡೇ ಇರುತ್ತದೆ. ಚಕ್ರ ಕೆಸರಿನಲ್ಲಿ ಹೋದಂತೆ ಓಲಾಡುತ್ತದೆ, ಸವಾರನ ಜೀವ ಬಾಯಿಗೆ ಬರುತ್ತದೆ, ಆದರೂ ನೇರ ಭಾಗದವರೆಗೆ ಸೈಕಲ್ ನಿಂತು ಓಡುವ ಸಾಧ್ಯತೆ ಚೆನ್ನಾಗಿಯೇ ಇದೆ. ಟೈರ್ ರಿಮ್ ಬಿಟ್ಟಿತೆಂದರೆ ಹಲಗೆಯ ಮೇಲೆ ಬರೀ ಕಾರ್ಬನ್ನೋ ಅಲ್ಯೂಮಿನಿಯಮ್ಮೋ ಜಾರುತ್ತಿರುತ್ತದೆ. ಆಗ ಎಂಥ ನುರಿತ ಸವಾರನಿಗೂ ಮಾಡಲು ಏನೂ ಉಳಿಯುವುದಿಲ್ಲ. ಹಾಗಾಗಿ ಗಾಳಿ ಯಾಕೆ ಹೋಯಿತು ಎನ್ನುವುದು ಎರಡನೆಯ ಪ್ರಶ್ನೆ. ಟೈರ್ ಯಾಕೆ ಬಿಟ್ಟಿತು ಎನ್ನುವುದು ಮೊದಲನೆಯದು.

ತಿರುವಿನಲ್ಲಿ ಟೈರಿನ ಮೇಲೆ ಬೀಳುವ ಭಾರವನ್ನು ಲೆಕ್ಕ ಹಾಕಿದರೆ ಉಳಿದದ್ದೆಲ್ಲ ಸುಲಭವಾಗಿ ತಿಳಿಯುತ್ತದೆ. ತಿರುವಿನ ತ್ರಿಜ್ಯ 22 ಮೀಟರ್, ಓರೆ 43 ಡಿಗ್ರಿ, ಸವಾರ ಮತ್ತು ಸೈಕಲ್ ಸೇರಿ 87 ಕೆ.ಜಿ. ಎಂದಿಟ್ಟುಕೊಳ್ಳಿ. ಗಂಟೆಗೆ ಸುಮಾರು 51 ಕಿ.ಮೀ. ವೇಗದಲ್ಲಿ ಸೈಕಲ್ ಹಲಗೆಗೆ ನೆಟ್ಟಗೆ, ಲಂಬವಾಗಿ ನಿಲ್ಲುತ್ತದೆ. ಆಗ ಟೈರನ್ನು ಪಕ್ಕಕ್ಕೆ ತಳ್ಳುವ ಬಲ ಇಲ್ಲವೇ ಇಲ್ಲ ಎನ್ನಬಹುದು. 60ಕ್ಕೆ ಏರಿದರೆ ಒಟ್ಟು ಭಾರ 140 ಕೆ.ಜಿ. ದಾಟುತ್ತದೆ, ಪ್ರತಿ ಚಕ್ರಕ್ಕೂ ಸುಮಾರು 11 ಕೆ.ಜಿ.ಯಷ್ಟು ಪಕ್ಕದ ಬಲ ಬೀಳುತ್ತದೆ. 70ರಲ್ಲಿ ಒಟ್ಟು ಭಾರ ಆ 87 ಕೆ.ಜಿ.ಯ ಎರಡು ಪಟ್ಟು, ಪಕ್ಕದ ಬಲ ಚಕ್ರಕ್ಕೆ 26 ಕೆ.ಜಿ. ಈಗ 30ಕ್ಕೆ ಇಳಿಯಿರಿ: ಪಕ್ಕದ ಬಲ 19 ಕೆ.ಜಿ., ಅದೂ ಉಲ್ಟಾ ದಿಕ್ಕಿಗೆ. ಅಂದರೆ ಬ್ಯಾಂಕಿಂಗ್ (ಓರೆಯಾದ ತಿರುವು) ಮೇಲೆ ನಿಧಾನವಾಗಿ ಹೋಗುವವನ ಟೈರಿಗೆ 60ರಲ್ಲಿ ಹೋಗುವವನ ಟೈರಿಗಿಂತ ಹೆಚ್ಚು ಕಷ್ಟ. ವಾರ್ಮ್‌ಅಪ್ ಸುತ್ತುಗಳಲ್ಲಿ ಜನ ಸುಮ್ಮಸುಮ್ಮನೆ ಜಾರಿ ಬೀಳುವುದು ಇದಕ್ಕೇ.

ದಿಕ್ಕನ್ನು ನೆನಪಿಟ್ಟುಕೊಳ್ಳಿ, ಪತ್ತೇದಾರಿ ಕೆಲಸಕ್ಕೆ ಬೇಕಾಗುತ್ತದೆ. ಟ್ರ್ಯಾಕ್‌ನಲ್ಲಿ ಯಾವಾಗಲೂ ಎಡ ತಿರುವು. ವೇಗ ಹೆಚ್ಚಿದ್ದಾಗ ಹಲಗೆ ಟೈರನ್ನು ಎಡಕ್ಕೆ, ಅಂದರೆ ಒಳಕ್ಕೆ ತಳ್ಳುತ್ತದೆ, ರಿಮ್ ಹೊರಕ್ಕೆ ಹೋಗಲು ನೋಡುತ್ತದೆ. ಅಂಟಿನ ಬಲ ಅಂಚು ಮೊದಲು ಎದ್ದು ಟೈರ್ ಎಡಕ್ಕೆ ಉರುಳುತ್ತದೆ. ವೇಗ ಕಡಿಮೆ ಇದ್ದಾಗ ಎಡ ಅಂಚು ಎದ್ದು ಟೈರ್ ಬಲಕ್ಕೆ ಉರುಳುತ್ತದೆ. ನಿಮ್ಮವರ ಟೈರ್ 60ರಲ್ಲಿ ಕಳಚಿದ್ದರೆ ರಿಮ್ಮಿನ ಎಡಕ್ಕೆ ಬಿದ್ದಿರಬೇಕು. ಬಲಕ್ಕೆ ಬಿದ್ದಿದ್ದರೆ ಅದು ಸೈಕಲ್ ಆಗಲೇ ಜಾರಿ ವೇಗ ಕಳೆದುಕೊಂಡ ಮೇಲೆ, ಅಥವಾ ಬಿದ್ದ ಪೆಟ್ಟಿಗೆ ಕಳಚಿದ್ದಿರಬಹುದು. ಆಗ ಬೀಳುವುದಕ್ಕೆ ಕಾರಣ ಟೈರೇ ಎಂದು ಹೇಳುವ ಮೊದಲು ಇನ್ನೊಮ್ಮೆ ಯೋಚಿಸಬೇಕು.

ಈಗ ಟೈರನ್ನು ಮೇಜಿನ ಮೇಲಿಟ್ಟು ನೋಡಿ. ಟ್ಯೂಬ್ಯುಲರ್‌ನಲ್ಲಿ ಟ್ಯೂಬನ್ನು ಕೇಸಿಂಗ್ (ಟೈರಿನ ಎಳೆಗಳ ಹೊದಿಕೆ) ಒಳಗೆ ಹೊಲಿದಿರುತ್ತಾರೆ. ಹಾಗಾಗಿ ಬರೀ ಅಂಟು ಬಿಟ್ಟು ಉರುಳಿದರೆ ಢಬ್ ಶಬ್ದ ಬರಬೇಕೆಂದಿಲ್ಲ. ಎಷ್ಟೋ ಸಲ ಗಾಳಿ ತುಂಬಿದ ಹಾಗೇ ಟೈರ್ ಕಳಚಿ ಬಂದಿರುತ್ತದೆ, ಇಲ್ಲವೇ ವಾಲ್ವ್ ಬುಡದಲ್ಲಿ ಹರಿದು ಗಾಳಿ ಹೋಗಿರುತ್ತದೆ. ಶಬ್ದ ನಿಜಕ್ಕೂ ಮೊದಲು ಬಂದಿದ್ದರೆ ಕೇಸಿಂಗ್ ಹರಿದಿದೆ, ಇಲ್ಲವೇ ಬೇಸ್ ಟೇಪಿನ (ರಿಮ್ಮಿಗೆ ಅಂಟುವ ಕಡೆಯ ಬಟ್ಟೆ ಪಟ್ಟಿ) ಅಡಿಯ ಹೊಲಿಗೆ ಬಿಚ್ಚಿದೆ ಎಂದರ್ಥ. ಹೊಲಿಗೆ ಬಿಚ್ಚಿದ್ದರೆ ಅದು ತಯಾರಿಕೆಯ ದೋಷ, ಅಥವಾ ಕೆಟ್ಟದಾಗಿ ರಿಪೇರಿ ಮಾಡಿದ ಟೈರ್. ಕೇಸಿಂಗ್ ಹರಿದಿದ್ದರೆ ಎಳೆಗಳ ತುದಿ ನೋಡಿ. ಬ್ಲೇಡಿನಿಂದ ಕೊಯ್ದಂತೆ ಒಂದೇ ಸಾಲಿನಲ್ಲಿ ತುಂಡಾಗಿದ್ದರೆ ಹರಿತವಾದದ್ದು ಆಗ ತಾನೇ ತಗಲಿದೆ. ತುದಿಗಳು ಕಪ್ಪಾಗಿ, ನಾರುನಾರಾಗಿದ್ದರೆ ಗಾಯ ಹಳೆಯದು, ಒಂದೊಂದೇ ಎಳೆ ದಿನವೂ ಕಡಿಯುತ್ತಾ ಬಂದಿತ್ತು. ಹತ್ತಿ ಕೇಸಿಂಗ್‌ನ ಹರಿದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಎಳೆಯಿರಿ. ಹಳೆ ಪಂಚೆಯಂತೆ ಪರ್ ಎಂದು ಹರಿದುಬಂದರೆ ತೇವಕ್ಕೆ ಕೊಳೆತಿದೆ. ಹೊಸದೆಂದು ಕೊಂಡ ಟೈರೂ ಗೋದಾಮಿನಲ್ಲಿ ವರ್ಷಗಟ್ಟಲೆ ಕೂತಿದ್ದರೆ ಈ ಗತಿ ಬರಬಹುದು.

ಸಿಬಿರು ಚುಚ್ಚಿದರೆ ಸಾಮಾನ್ಯವಾಗಿ ಸುಯ್ ಎಂದು ಗಾಳಿ ಇಳಿಯುತ್ತದೆ, ಸ್ಫೋಟವಾಗುವುದಿಲ್ಲ. ಆದರೆ ಒತ್ತಡ ಹೆಚ್ಚಿದ್ದಷ್ಟೂ ಸಣ್ಣ ಗಾಯ ದೊಡ್ಡ ಸೀಳಾಗುವ ಸಂಭವ ಹೆಚ್ಚು. 13 ಬಾರ್ ಎಂದರೆ ಸುಮಾರು 188 ಪಿಎಸ್‌ಐ. ಟ್ರ್ಯಾಕ್‌ಗೆಂದೇ ಮಾಡಿದ ಕೆಲವು ಟ್ಯೂಬ್ಯುಲರ್‌ಗಳು ಅದನ್ನು ತಡೆಯುತ್ತವೆ, ರಸ್ತೆ ಟ್ಯೂಬ್ಯುಲರ್‌ಗಳಲ್ಲಿ ಹೆಚ್ಚಿನವು ತಡೆಯಬೇಕೆಂದಿಲ್ಲ. ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಅಂಕಿಯನ್ನು ಓದಿ ನೋಡಿ. ಅದಕ್ಕಿಂತ ಕಡಿಮೆಯೇ ಹೊಡೆದಿದ್ದರೆ ಗಾಳಿಯೊಂದರಿಂದಲೇ ಒಳ್ಳೆಯ ಟೈರ್ ಒಡೆಯಿತು ಎನ್ನುವುದನ್ನು ನಾನು ಒಪ್ಪುವುದಿಲ್ಲ, ಪಂಪಿನ ಗೇಜ್ ಸರಿಯಿದ್ದರೆ. ಹಳೆಯ ನೆಲಪಂಪುಗಳ ಗೇಜ್ ಒಂದು ಬಾರ್ ಆಚೀಚೆ ತೋರಿಸುವುದು ಮಾಮೂಲು. ಬೇರೆ ಡಿಜಿಟಲ್ ಗೇಜಿನ ಜೊತೆ ತಾಳೆ ನೋಡಿ. ತೆರೆದ ಕಾಂಕ್ರೀಟ್ ಟ್ರ್ಯಾಕ್ ಆಗಿದ್ದರೆ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: 20 ಡಿಗ್ರಿಯಲ್ಲಿ ಹೊಡೆದ 12 ಬಾರ್, ಟೈರ್ 45 ಡಿಗ್ರಿಗೆ ಕಾದರೆ 13 ದಾಟುತ್ತದೆ.

ನುಣುಪಾದ ಮರದ ಮೇಲೆ, 70–75 ಕೆ.ಜಿ. ಸವಾರನಿಗೆ, 22–23 ಮಿ.ಮೀ. ಟ್ಯೂಬ್ಯುಲರ್‌ಗೆ 9ರಿಂದ 11 ಬಾರ್ ಸಾಕು. ಕಾಂಕ್ರೀಟಿಗೆ ಇನ್ನೂ ಎರಡು ಬಾರ್ ಕಡಿಮೆ. ಕಲ್ಲಿನಂತೆ ಗಟ್ಟಿಯಾದ ಟೈರ್ ವೇಗ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಹಲಗೆಯ ಸಂದುಗಳ ಮೇಲೆ ಗಟ್ಟಿ ಟೈರ್ ಕುಣಿಯುತ್ತದೆ, ಕುಣಿದಷ್ಟು ಹೊತ್ತು ಹಿಡಿತವಿಲ್ಲ.

ಇನ್ನು ಅಂಟು. ನಿಮ್ಮ ಪ್ರಕರಣದಲ್ಲಿ ನನ್ನ ಅನುಮಾನವೆಲ್ಲ ಇಲ್ಲಿದೆ. ಟ್ಯೂಬ್ಯುಲರ್ ಕೇಸಿಂಗಿನ ಎಳೆಗಳು ಓರೆಯಾಗಿ ಹೆಣೆದಿರುವುದರಿಂದ ಗಾಳಿ ಹೊಡೆದಾಗ ಟೈರಿನ ಸುತ್ತಳತೆ ಕುಗ್ಗಲು ನೋಡುತ್ತದೆ, ರಿಮ್ಮನ್ನು ಬಿಗಿಯಾಗಿ ತಬ್ಬಿಕೊಳ್ಳುತ್ತದೆ. ಹಾಗಾಗಿ ಅಂಟು ಕಳಪೆಯಾಗಿದ್ದರೂ ಗಾಳಿ ತುಂಬಿದಾಗ ಟೈರ್ ಅಲುಗಾಡುವುದಿಲ್ಲ. ಮೂರು ವಾರ ಏನೂ ಆಗಲಿಲ್ಲ ಎನ್ನುವುದು ಅಂಟು ಚೆನ್ನಾಗಿತ್ತು ಎನ್ನುವುದಕ್ಕೆ ಸಾಕ್ಷಿಯಲ್ಲ. ಗಾಳಿ ಹೋದ ಕ್ಷಣ ತಬ್ಬುಗೆ ಸಡಿಲವಾಗುತ್ತದೆ. ಆಮೇಲೆ ಹಿಡಿಯಬೇಕಾದದ್ದು ಅಂಟೊಂದೇ.

ಕಳಚಿದ ರಿಮ್ಮನ್ನೂ ಬೇಸ್ ಟೇಪನ್ನೂ ಪಕ್ಕಪಕ್ಕದಲ್ಲಿಟ್ಟು ಬೆಳಕಿಗೆ ಹಿಡಿಯಿರಿ. ಎರಡರ ಮೇಲೂ ಅಂಟಿನ ಎಳೆ ಎಳೆ ಉಳಿದಿದ್ದರೆ, ಅಲ್ಲಲ್ಲಿ ಟೇಪಿನ ನೂಲೇ ಕಿತ್ತು ರಿಮ್ಮಿಗೆ ಹತ್ತಿದ್ದರೆ, ಅಂಟು ತನ್ನ ಕೆಲಸ ಮಾಡಿದೆ. ರಿಮ್ಮಿನ ಮೇಲೆ ಅಂಟೆಲ್ಲ ನುಣ್ಣಗೆ ಹೊಳೆಯುತ್ತಾ ಕೂತಿದ್ದು ಟೇಪ್ ಒಗೆದ ಬಟ್ಟೆಯಂತಿದ್ದರೆ, ಟೇಪಿಗೆ ಅಂಟು ಹಚ್ಚದೆ ಕೂರಿಸಿದ್ದಾರೆ, ಅಥವಾ ಹಚ್ಚಿದ್ದು ಪೂರ್ತಿ ಒಣಗಿದ ಮೇಲೆ ಕೂರಿಸಿದ್ದಾರೆ. ಅಂಟೆಲ್ಲ ಟೇಪಿಗೆ ಹೋಗಿ ರಿಮ್ ಬೋಳಾಗಿದ್ದರೆ ರಿಮ್ಮಿನ ಜಿಡ್ಡು ತೆಗೆದಿಲ್ಲ. ಹೊಸ ರಿಮ್ಮಿನಲ್ಲಿ ಇದು ಬಹಳ ಸಾಮಾನ್ಯ. ನಡುವೆ ದಪ್ಪ ಅಂಟು ಇದ್ದು ಎರಡೂ ಅಂಚಿನ 3–4 ಮಿ.ಮೀ. ಖಾಲಿಯಿದ್ದರೆ ಅದು ಎಲ್ಲಕ್ಕಿಂತ ಮೋಸದ ಕೆಲಸ. ನೋಡಲು ಗಟ್ಟಿ, ಆದರೆ ಮೇಲೆ ಹೇಳಿದಂತೆ ಏಳುವುದೇ ಅಂಚಿನಿಂದ.

ಮತ್ತೆ ಅಂಟಿಸುವಾಗ ಆತುರ ಪಡಬೇಡಿ, ನಾಲ್ಕು ದಿನ ಇಟ್ಟುಕೊಳ್ಳಿ. ಮೊದಲು ಟೈರನ್ನು ಅಂಟಿಲ್ಲದೆ ರಿಮ್ಮಿಗೆ ಹಾಕಿ ಗಾಳಿ ಹೊಡೆದು ಒಂದೆರಡು ದಿನ ಬಿಡಿ, ಹಿಗ್ಗಲಿ. ಹಿಗ್ಗದ ಟೈರನ್ನು ಅಂಟಿನ ಜೊತೆ ಎಳೆದಾಡಿದರೆ ಅಂಟೆಲ್ಲ ಕೈಗೆ, ಟೈರಿನ ಪಕ್ಕಕ್ಕೆ. ಹಳೆಯ ಅಂಟು ಒಣಗಿ ಪುಡಿಯಾಗುತ್ತಿದ್ದರೆ ಪೂರ್ತಿ ತೆಗೆಯಿರಿ. ಅಲ್ಯೂಮಿನಿಯಂ ರಿಮ್ಮನ್ನು ನಯವಾದ ಉಪ್ಪುಕಾಗದದಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ ಅಸಿಟೋನ್ ಹಾಕಿ ಒರೆಸಿ. ಕಾರ್ಬನ್ ರಿಮ್ಮನ್ನು ಉಜ್ಜಬೇಡಿ, ತಯಾರಕರು ಹೇಳಿದ ದ್ರಾವಣದಿಂದ ಒರೆಸಿ. ಒರೆಸಿದ ಮೇಲೆ ಬೆರಳು ತಾಗಿಸಬೇಡಿ.

ರಿಮ್ಮಿಗೆ ಎರಡು ತೆಳು ಪದರ, ಟೇಪಿಗೆ ಎರಡು ತೆಳು ಪದರ. ಪದರಕ್ಕೂ ಪದರಕ್ಕೂ ನಡುವೆ 12ರಿಂದ 24 ಗಂಟೆ ಬಿಡಿ. ಚಿಕ್ಕ ಗಟ್ಟಿ ಬ್ರಷ್ ಬಳಸಿ ಅಂಚಿನವರೆಗೂ ಎಳೆಯಿರಿ, ವಾಲ್ವ್ ತೂತಿನ ಸುತ್ತಲೂ ಬಿಡಬೇಡಿ. ಕೊನೆಗೆ ರಿಮ್ಮಿಗೆ ಇನ್ನೊಂದು ತೆಳು ಪದರ ಹಚ್ಚಿ, ಅದು ಹಸಿ ಹಸಿಯಾಗಿ ಬೆರಳಿಗೆ ಅಂಟುವಂತಿರುವಾಗಲೇ ಕೂರಿಸಿ. ಒಂದು ಚಕ್ರಕ್ಕೆ ಹೆಚ್ಚುಕಡಿಮೆ 30 ಗ್ರಾಂ ಅಂಟು ಹಿಡಿಯುತ್ತದೆ. ದಪ್ಪಗೆ ಮೆತ್ತಿದರೆ ಹೆಚ್ಚು ಹಿಡಿಯುತ್ತದೆ ಎಂಬುದು ಸುಳ್ಳು. ಒಳಗೆ ಒಣಗದೆ ಮೆತ್ತಗೇ ಉಳಿಯುತ್ತದೆ, ಟೈರ್ ಅದರ ಮೇಲೆ ತೇಲುತ್ತದೆ.

ಕೂರಿಸುವಾಗ ಟೈರಿಗೆ ಆಕಾರ ಬರುವಷ್ಟೇ ಗಾಳಿಯಿರಲಿ. ರಿಮ್ಮನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ವಾಲ್ವನ್ನು ಮೇಲ್ಗಡೆ ತೂತಿಗೆ ಇಳಿಸಿ, ಎರಡು ಕೈಯಿಂದ ಎರಡೂ ಬದಿಗೆ ಒಂದೇ ಸಮ ಎಳೆಯುತ್ತಾ ಕೆಳಗೆ ಬನ್ನಿ. ಕೊನೆಯ ಗೇಣಷ್ಟು ಟೈರನ್ನು ಹೆಬ್ಬೆರಳುಗಳಿಂದ ಎತ್ತಿ ರಿಮ್ಮಿಗೆ ಹತ್ತಿಸಿ. ಚಕ್ರ ತಿರುಗಿಸಿ ನೋಡಿ, ಬೇಸ್ ಟೇಪ್ ಎರಡೂ ಕಡೆ ಸಮನಾಗಿ ಕಾಣುವಂತೆ ತಿರುಚಿ ನೇರ ಮಾಡಿ. ಇದಕ್ಕೆ ಹತ್ತು ನಿಮಿಷದ ಆಚೆ ಸಮಯವಿಲ್ಲ. 6–7 ಬಾರ್ ಹೊಡೆದು, ಆಕ್ಸೆಲ್ ಹಿಡಿದು ಮೈಭಾರ ಹಾಕಿ ನೆಲದ ಮೇಲೆ ಉರುಳಿಸಿ, 24 ಗಂಟೆ ಮುಟ್ಟಬೇಡಿ.

ಆಮೇಲೆ ಪರೀಕ್ಷೆ. ಗಾಳಿ ಪೂರ್ತಿ ಬಿಟ್ಟು, ಹೆಬ್ಬೆರಳಿನಿಂದ ಟೈರನ್ನು ಪಕ್ಕಕ್ಕೆ ಒತ್ತುತ್ತಾ ಸುತ್ತಲೂ ಬನ್ನಿ, ಮೊದಲು ಒಂದು ಬದಿ, ಆಮೇಲೆ ಇನ್ನೊಂದು. ಎಲ್ಲಾದರೂ ಅಂಚು ಎದ್ದು ರಿಮ್ ಕಂಡರೆ, ಅದು ಒಂದು ಇಂಚಿದ್ದರೂ ಸರಿ, ಆ ಚಕ್ರ ಟ್ರ್ಯಾಕ್‌ಗೆ ಹೋಗುವಂತಿಲ್ಲ. ಇದನ್ನು ಗಾಳಿ ತುಂಬಿ ಮಾಡಿದರೆ ಪ್ರಯೋಜನವಿಲ್ಲ, ಕಾರಣ ಆಗಲೇ ಹೇಳಿದೆ. ವಾರಕ್ಕೊಮ್ಮೆ ಮಾಡಿದರೆ ಸಾಕು.

ಹಿಂದೆ ಟ್ರ್ಯಾಕ್ ಸವಾರರು ಅರಗಿನಿಂದ ಮಾಡಿದ ಶೆಲ್ಯಾಕ್ ಹಚ್ಚುತ್ತಿದ್ದರು. ಗಾಜಿನಂತೆ ಗಟ್ಟಿಯಾಗುತ್ತದೆ, ಟೈರ್ ಅಂಟಿನ ಮೇಲೆ ಅತ್ತಿತ್ತ ಹೊರಳುವುದಿಲ್ಲ, ಹಾಗಾಗಿ ಉರುಳುವ ಪ್ರತಿರೋಧ ಕಡಿಮೆ. ಆದರೆ ಪೆಟ್ಟಿಗೆ ಬಿರುಕು ಬಿಡುತ್ತದೆ. ಬ್ರೇಕೇ ಇಲ್ಲದ ಟ್ರ್ಯಾಕ್ ಸೈಕಲ್‌ನಲ್ಲಿ ರಿಮ್ ಕಾದು ಅಂಟು ಕರಗುವ ಭಯವಿಲ್ಲವಾದ್ದರಿಂದ ಅದು ನಡೆಯುತ್ತಿತ್ತು. ಈಗ ಒಳ್ಳೆಯ ರಿಮ್ ಸಿಮೆಂಟ್ ಸಿಗುವಾಗ ಅದರ ಗೊಡವೆ ಬೇಡ.

ಕ್ಲಿಂಚರ್ ವಿಷಯ. ಈಗಿನ ಒಳ್ಳೆಯ ಕ್ಲಿಂಚರ್ ವೇಗದಲ್ಲಿ ಹಿಂದೆ ಬಿದ್ದಿಲ್ಲ, ಅಂಟಿನ ರಗಳೆಯೂ ಇಲ್ಲ. ಆದರೆ ನಿಮ್ಮ ಭಯ ಗಾಳಿ ಹೋದಾಗ ಏನಾಗುತ್ತದೆ ಎನ್ನುವುದಾದರೆ, ಟ್ಯೂಬ್ಯುಲರ್ ಬಿಟ್ಟು ಅಲ್ಲಿಗೆ ಹೋಗುವುದರಲ್ಲಿ ಅರ್ಥವಿಲ್ಲ. ಕ್ಲಿಂಚರನ್ನು ರಿಮ್ಮಿಗೆ ಹಿಡಿದಿಡುವುದು ಗಾಳಿಯೇ. ಅದು ಹೋದರೆ ಬೀಡ್ (ಟೈರಿನ ಗಟ್ಟಿ ಅಂಚು) ರಿಮ್ಮಿನ ನಡುವಿನ ಹಳ್ಳಕ್ಕೆ ಜಾರುತ್ತದೆ, ಪಕ್ಕದ ಬಲಕ್ಕೆ ಟೈರ್ ಕಳಚುತ್ತದೆ. ಕ್ಲಿಂಚರ್ ಒಡೆದಾಗ ಟ್ಯೂಬ್ ತೆಗೆದು ನೋಡಿ: ಒಂದು ಗೇಣುದ್ದ ಸೀಳಿದ್ದರೆ ಟ್ಯೂಬ್ ಮೊದಲು ಒಡೆದದ್ದಲ್ಲ, ಬೀಡ್ ರಿಮ್ ದಾಟಿ ಹೊರಬಂದು ಟ್ಯೂಬ್ ಬಯಲಿನಲ್ಲಿ ಉಬ್ಬಿ ಒಡೆದಿದೆ. ಸಾಮಾನ್ಯವಾಗಿ ಬೀಡ್ ಅಡಿ ಟ್ಯೂಬ್ ಸಿಕ್ಕಿಕೊಂಡಿರುತ್ತದೆ. ಹಾಕಿದ ಮೇಲೆ ಎರಡೂ ಬದಿ ಟೈರನ್ನು ಮಡಚಿ ಸುತ್ತಲೂ ನೋಡಿ, ಟ್ಯೂಬ್ ಇಣುಕಬಾರದು. ಅರ್ಧ ಒತ್ತಡಕ್ಕೆ ನಿಲ್ಲಿಸಿ, ಪಕ್ಕದ ಅಚ್ಚುಗೆರೆ ರಿಮ್ಮಿನಿಂದ ಸುತ್ತಲೂ ಒಂದೇ ಅಂತರದಲ್ಲಿದೆಯೇ ನೋಡಿದ ಮೇಲೆ ಪೂರ್ತಿ ಹೊಡೆಯಿರಿ.

ರಸ್ತೆಯ ಹುಕ್‌ಲೆಸ್ ಚಕ್ರಗಳನ್ನು ತಂದು ಟ್ರ್ಯಾಕ್ ಒತ್ತಡ ಹೊಡೆಯುವವರಿಗೆ ಒಂದು ಮಾತು: ಅವುಗಳ ಮಿತಿ 5 ಬಾರ್. ಅದರ ಮೇಲೆ ಬೀಡ್ ಹಿಡಿದಿಡಲು ಅಲ್ಲಿ ಕೊಕ್ಕೆಯೇ ಇಲ್ಲ. ಸೀಲೆಂಟ್ (ತೂತು ಮುಚ್ಚಲು ಟೈರಿನೊಳಗೆ ಹಾಕುವ ದ್ರವ) ಹಾಕುವ ಮೊದಲು ಟ್ರ್ಯಾಕ್‌ನವರನ್ನು ಕೇಳಿ. ಅದು ಹಲಗೆಯ ಮೇಲೆ ಚಿಮ್ಮಿದರೆ ನಿಮ್ಮ ಹಿಂದಿನವರಿಗೆ ಬೆಣ್ಣೆ ಸುರಿದ ಹಾಗೆ, ಆದ್ದರಿಂದ ಎಷ್ಟೋ ಒಳಾಂಗಣ ಟ್ರ್ಯಾಕ್‌ಗಳಲ್ಲಿ ನಿಷಿದ್ಧ. ರಸ್ತೆಯಲ್ಲಿ ಓಡಿಸಿದ ಟೈರಿಗೂ ಹಲವೆಡೆ ಪ್ರವೇಶವಿಲ್ಲ, ರಬ್ಬರಿನಲ್ಲಿ ಹುದುಗಿದ ಗಾಜಿನ ಚೂರು, ಮರಳು ಹಲಗೆಯನ್ನು ಗೀರುತ್ತದೆ.

ಗಾಳಿ ಹೋದಾಗ ಏನು ಮಾಡಬೇಕು? ಮೊದಲ ಎರಡು ಸೆಕೆಂಡು ಏನೂ ಮಾಡಬೇಡಿ. 70 ಕಿ.ಮೀ. ವೇಗದಲ್ಲಿ ನೀವು ಸೆಕೆಂಡಿಗೆ 19 ಮೀಟರ್ ಹೋಗುತ್ತಿರುತ್ತೀರಿ, ತಿರುವಿನ ನಡುವಿನಿಂದ ನೇರ ಭಾಗ ಅಷ್ಟು ಹೊತ್ತಿನ ದೂರದಲ್ಲೇ ಇದೆ. ಹಿಡಿಕೆ ತಿರುಗಿಸಬೇಡಿ, ಪೆಡಲ್ ತಡೆಯಬೇಡಿ. ಪೆಡಲ್ ಚಕ್ರದ ಜೊತೆಗೇ ತಿರುಗುವ ಫಿಕ್ಸೆಡ್ ಗೇರಿನಲ್ಲಿ ಕಾಲು ನಿಂತರೆ ಹಿಂದಿನ ಚಕ್ರ ನಿಂತಂತೆ. ಕಾಲು ಸುಮ್ಮನೆ ತಿರುಗುತ್ತಿರಲಿ, ಮುಂದಿನ ಟೈರ್ ಆದರೆ ಮೈಭಾರವನ್ನು ಸ್ವಲ್ಪ ಹಿಂದಕ್ಕೆ ತನ್ನಿ. ಓರೆ ಕಡಿಮೆಯಿರುವ ನೇರ ಭಾಗದಲ್ಲಿ, ಒಳಗಡೆ ಯಾರಿಲ್ಲ ಎಂದು ನೋಡಿಕೊಂಡು, ಮೆಲ್ಲಗೆ ಓರೆಯಾಗಿ ಟ್ರ್ಯಾಕಿನ ಒಳ ಅಂಚಿನ ನೀಲಿ ಪಟ್ಟಿಯತ್ತ ಇಳಿಯಿರಿ. ಮೇಲೆಯೇ ಉಳಿದು ವೇಗ ಕಳೆದುಕೊಳ್ಳುವುದು ದೊಡ್ಡ ತಪ್ಪು. 30ಕ್ಕೆ ಇಳಿದು ಮುಂದಿನ ತಿರುವಿಗೆ ಹೋದರೆ, ಗಾಳಿಯಿಲ್ಲದ ಟೈರಿನ ಮೇಲೆ ಆ 19 ಕೆ.ಜಿ. ಉಲ್ಟಾ ಬಲ ಕಾದು ಕೂತಿರುತ್ತದೆ.

ಹಿಂದಿನವರಿಗೆ ಇರುವ ನಿಯಮ ಒಂದೇ: ಮೇಲಿನಿಂದ ದಾಟಿ. ಬಿದ್ದವರೂ ಬಿದ್ದ ಸೈಕಲ್ಲೂ ಇಳಿಜಾರಿನಲ್ಲಿ ಕೆಳಗೇ ಜಾರುತ್ತವೆ. ಒಳಗಿನಿಂದ ನುಸುಳಲು ಹೋದವರು ಜಾರಿ ಬರುವವರ ಕೆಳಗೆ ಸಿಕ್ಕುತ್ತಾರೆ. ನಿಮ್ಮಲ್ಲಿ ಬಿದ್ದ ಇನ್ನಿಬ್ಬರು ಯಾವ ಕಡೆಗೆ ತಿರುಗಿಸಿದ್ದರು ಎಂದು ಕೇಳಿ ನೋಡಿ.

ಟ್ರ್ಯಾಕ್‌ನಲ್ಲಿ ಬಿದ್ದವರೆಲ್ಲ ಟೈರಿನಿಂದ ಬಿದ್ದವರಲ್ಲ ಎನ್ನುವುದೂ ಗಮನದಲ್ಲಿರಲಿ. ಹೆಚ್ಚಿನವು ಮುಂದಿನವರ ಹಿಂಚಕ್ರಕ್ಕೆ ತಮ್ಮ ಮುಂಚಕ್ರ ತಾಗಿ ಆಗುವಂಥವು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಟೀಮ್ ಪರ್ಸ್ಯೂಟ್ ತಂಡ ಸ್ಪರ್ಧೆಯಲ್ಲಿ ಆಸ್ಟ್ರೇಲಿಯಾದ ಅಲೆಕ್ಸ್ ಪೋರ್ಟರ್ ಮುಖ ಅಡಿಯಾಗಿ ಬಿದ್ದದ್ದು ಹ್ಯಾಂಡಲ್‌ಬಾರ್ ಮುರಿದು. 2011ರಲ್ಲಿ ಮ್ಯಾಂಚೆಸ್ಟರ್‌ನ ಕೀರಿನ್ ಸ್ಪರ್ಧೆಯಲ್ಲಿ ಮಲೇಷ್ಯಾದ ಅಜೀಜುಲ್‌ಹಸ್ನಿ ಅವಾಂಗ್ ಬಿದ್ದಾಗ ಸುಮಾರು 20 ಸೆಂ.ಮೀ. ಉದ್ದದ ಹಲಗೆಯ ಸಿಬಿರು ಅವರ ಮೀನಖಂಡದಲ್ಲಿ ತೂರಿ ಆಚೆ ಬಂದಿತ್ತು, ಹಾಗೇ ಎದ್ದು ಸೈಕಲ್ ಹತ್ತಿ ಮೂರನೆಯವರಾಗಿ ಮುಗಿಸಿದರು. ಸಿಬಿರು ಟೈರಿಗಿಂತ ಮನುಷ್ಯರಿಗೇ ಹೆಚ್ಚು ಅಪಾಯ. ಹಾಗಾಗಿ ಯಾರಾದರೂ ಬಿದ್ದ ಮೇಲೆ, ಪೆಡಲ್ ತಾಗಿ ಕಿತ್ತುಬಂದ ಜಾಗವನ್ನು ಅಂಗೈಯಿಂದಲ್ಲ, ದಪ್ಪ ಬಟ್ಟೆಯಿಂದ ಸವರಿ ನೋಡಿ, ಏನಾದರೂ ಸಿಕ್ಕಿಕೊಂಡರೆ ಸರಿಪಡಿಸುವವರೆಗೂ ಟ್ರ್ಯಾಕ್ ಮುಚ್ಚಿಸಿ.

ಬಿದ್ದ ಮೂರು ಸೈಕಲ್‌ಗಳ ಆರೂ ಟೈರ್‌ಗಳನ್ನು ಮತ್ತೆ ನೋಡಬೇಕು. ಹಲಗೆಗೆ ಉಜ್ಜಿ ಪಕ್ಕದ ರಬ್ಬರ್ ಸುಟ್ಟು ಕೇಸಿಂಗ್ ಎಳೆ ಕಂಡರೆ ಎಸೆಯಿರಿ. ಗಾಳಿ ಹೊಡೆದಾಗ ಎಲ್ಲಾದರೂ ಕಡಲೆಕಾಳಿನಷ್ಟು ಉಬ್ಬಿದರೂ ಅಷ್ಟೇ. ಉಳಿದವುಗಳ ಗಾಳಿ ಬಿಟ್ಟು ಹೆಬ್ಬೆರಳ ಪರೀಕ್ಷೆ ಮಾಡಿ, ಪಕ್ಕಕ್ಕೆ ಜಾರಿದ ಪೆಟ್ಟಿಗೆ ಅಂಟು ಬಿಟ್ಟಿರಬಹುದು. ಹೊಸ ಟೈರ್ ಹಾಕಿದರೆ ತಯಾರಿಕೆಯ ಅಚ್ಚಿನಿಂದ ಉಳಿದ ಎಣ್ಣೆಯ ಹೊಳಪನ್ನು ಆಲ್ಕೋಹಾಲ್ ಬಟ್ಟೆಯಿಂದ ಒರೆಸಿ. ಆಮೇಲೆ ಟ್ರ್ಯಾಕಿನ ಕೆಳಗಡೆಯ ಕಪ್ಪು ಗೆರೆಯ ಮೇಲೆ, ತಿರುವಿನಲ್ಲಿ 40ಕ್ಕಿಂತ ವೇಗ ಇಳಿಯದಂತೆ, ಒಬ್ಬರೇ ಇಪ್ಪತ್ತು ಸುತ್ತು ಹಾಕಿ.

ಸ್ಪರ್ಧೆಯಲ್ಲಿ ಹೀಗಾದರೆ ಗಾಬರಿಯಿಂದ ಓಡಿಸುತ್ತಲೇ ಇರಬೇಡಿ. ಪಂಕ್ಚರ್, ಬೀಳುವುದು, ಮುಖ್ಯ ಭಾಗ ಮುರಿಯುವುದು ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ ನಿಯಮದಲ್ಲಿ ಮಾನ್ಯವಾದ ಅವಘಡಗಳು. ಪಾಯಿಂಟ್ಸ್ ರೇಸ್‌ನಂಥ ಗುಂಪು ಸ್ಪರ್ಧೆಗಳಲ್ಲಿ ಚಕ್ರ ಬದಲಿಸಿ ಮರಳಲು 1300 ಮೀಟರಿಗೆ ಹತ್ತಿರದಷ್ಟು ಸುತ್ತುಗಳ ವಿನಾಯಿತಿ ಇದೆ. 250 ಮೀಟರ್ ಟ್ರ್ಯಾಕ್‌ನಲ್ಲಿ 5 ಸುತ್ತು, ಒಂದು ನಿಮಿಷ ಹತ್ತು ಸೆಕೆಂಡಿನ ಮೇಲೆ. ಅಂಟಿಸಿ ಪರೀಕ್ಷಿಸಿ ಗಾಳಿ ಹೊಡೆದಿಟ್ಟ ಇನ್ನೊಂದು ಜೊತೆ ಚಕ್ರ, ಒಂದು 15 ಮಿ.ಮೀ. ಸ್ಪ್ಯಾನರ್ ಕೈಗೆಟುಕುವಲ್ಲಿದ್ದರೆ ಅಷ್ಟು ಸಮಯ ಸಾಕು.